ಹಸಿದ ಕೌದಿ

ಕೌಲ್ ಬಜಾರಿನಲ್ಲಿ ನೀಲಿಯನ್ನು ತೂಗಿ ಕೊಡುತ್ತಾರೆ,
ಕಿಲೋಗೆ ಹನ್ನೆರಡು ರೂಪಾಯಿ.
ಜೇಬು ಕತ್ತರಿಸಿ ಉಳಿದ ಮೂಲೆ, ಮೊಳಕಾಲಿಗೆ ಸಾಲದ ಪಟ್ಟಿ,
ಸೊಂಟಕ್ಕೆ ಹೆಚ್ಚಾದ ಅರ್ಧಚಂದ್ರ.
ದಿನಕ್ಕೆ ನೂರಿಪ್ಪತ್ತು ಪ್ಯಾಂಟಿಗೆ ಝಿಪ್ಪು ಹಚ್ಚುವವಳು ನಾನು,
ನನಗೆ ಹತ್ತು.

ಚಿಂದಿಯ ಚೀಲ ಮನೆಗೆ ಬಂದ ವಾರವೇ
ಡಾಕ್ಟರ ಚೀಟಿಯೂ ಬಂತು.
ಗಂಡನಿಗೆ ಸಕ್ಕರೆ ಇನ್ನೂರ ಎಪ್ಪತ್ತು.
ಬಿಳಿ ಅನ್ನ ಬಿಡಿ ಅಂದರು,
ಚಪ್ಪಲಿ ಹೊರಗೆ ಬಿಡಿ ಅಂದಷ್ಟು ಸಲೀಸಾಗಿ.

ನಾನು ಗಂಗಾವತಿ ಕಡೆಯವಳು, ಕಾಲುವೆ ನೀರಿನವಳು.
ಉಂಡ್ಯಾ ಅಂದರೆ ಅಲ್ಲಿ ಅನ್ನ ಉಂಡ್ಯಾ ಅಂತಲೇ ಅರ್ಥ,
ಉಳಿದದ್ದೆಲ್ಲ ಬಾಯಾಡಿಸುವುದು.
ರೊಟ್ಟಿ ಬಡಿಯುವ ಸಪ್ಪಳ ಕೇಳಿ ನಗುತ್ತಿದ್ದೆವು,
ಒಣ ಭೂಮಿಯ ಮಂದಿ ಅಂತ.
ಈಗ ಅತ್ತೆ ಯರ್ರೆಮ್ಮ ನನ್ನನ್ನು ಪರಾತದ ಮುಂದೆ ಕೂರಿಸಿ
"ಬಡಿ" ಅಂದಳು, "ಸಿಟ್ಟಿದ್ದರೆ ಚಲೋ ಆಗತೈತಿ."

ಸಿಟ್ಟಿತ್ತು. ಆದರೂ ನನ್ನ ರೊಟ್ಟಿ
ಒಮ್ಮೆ ಆಂಧ್ರದ ನಕ್ಷೆ, ಒಮ್ಮೆ ನಾಯಿಯ ಕಿವಿ,
ಹಂಚಿಗೆ ಹಾಕುವಾಗ ನಟ್ಟನಡುವೆ ಬಿರುಕು.
ಕುದಿನೀರು ಕಡಿಮೆ ಬಿತ್ತು ಅಂತ ಒಂದು ದಿನ,
ಜೋಳ ಹಳೇದು ಅಂತ ಇನ್ನೊಂದು ದಿನ,
ನನ್ನ ಮರ್ಯಾದೆ ಕಾಯುವುದಕ್ಕೆ
ಮುದುಕಿಯ ಹತ್ತಿರ ದಿನಕ್ಕೊಂದು ನೆಪ.

ಎಣ್ಣೆ ಪಾಕೀಟು ಉಲ್ಟಾ ಮಾಡಿ ಮೆಂತ್ಯ ಬಿತ್ತಿದ್ದಳು,
ಮಾಳಿಗೆ ಮೇಲೆ ಹನ್ನೊಂದು.
ಗುಡ್ಡದ ಬಂಡೆ ರಾತ್ರಿಯೆಲ್ಲ ಉಗುಳುವ ಬಿಸಿಗೆ ಒಂಬತ್ತು ಸುಟ್ಟವು.
ಉಳಿದ ಎರಡರ ಸೊಪ್ಪು ಮೂರು ತಟ್ಟೆಗೆ,
ಹಸಿ ಉಳ್ಳಾಗಡ್ಡಿ, ಗುರೆಳ್ಳ ಪುಡಿ,
ಹೀರೆಕಾಯಿ ಪಲ್ಯಕ್ಕೆ ಅದರ ಸಿಪ್ಪೆಯದೇ ಚಟ್ನಿ.
ಪುಂಡಿಯ ಹುಳಿಗೆ ಕಣ್ಣು ಕಿರಿದು ಮಾಡಿ
ಗಂಡ ಶುರು ಮಾಡುತ್ತಾನೆ: "ಒಂದ್ ತುತ್ತು ಅನ್ನ..."
ಅಷ್ಟರಲ್ಲಿ ಅವನ ಬಾಯಲ್ಲಿ
ಅವನ ತಾಯಿ ಇಟ್ಟ ಸೌತೆ ಹೋಳು.

ಆಯಿತವಾರ, ಕರೆಂಟು ಹೋದ ಹೊತ್ತು, ಹೊಸ್ತಿಲಲ್ಲಿ ಕೌದಿ.
"ಇದು ಬಟ್ಟೀನೋ, ಎಮ್ಮಿ ಚರ್ಮೋ?"
ಮೂರು ಸೂಜಿ ಮುರಿದವು.
ನಾಲ್ಕನೆಯದಕ್ಕೆ ಕೊಬ್ಬರಿ ಎಣ್ಣೆ ಸವರಿ,
ಹಳೆ ಸೈಕಲ್ ಟ್ಯೂಬು ಬೆರಳಿಗೆ ತೊಟ್ಟು ಸಾಲು ಹಿಡಿದಳು.
ಅವಳ ಕೈ ನೇರ ಹೋಗುವುದಿಲ್ಲ,
ಅಂಚಿನಿಂದ ಒಳಗೊಳಗೆ ಸುತ್ತುತ್ತದೆ.
ನನ್ನದು ಮಿಷಿನ್ ಚಟ, ಸೀದಾ ಹೋಗಿ ಸೀದಾ ನಿಲ್ಲುವುದು.
ಎರಡೂ ಎಲ್ಲಿ ಕೂಡಿದವೋ ಅಲ್ಲೊಂದು ಸುಕ್ಕು ಉಳಿಯಿತು.
ಬಿಚ್ಚಲಿಲ್ಲ.

ಕೊನೆಯ ಮೂಲೆ ಮುಚ್ಚುವ ಮುಂಚೆ ಎದ್ದು ಒಳಗೆ ಹೋದಳು.
"ಹಸಿದ ಕೌದಿ ನಿದ್ದಿ ಕೊಡಂಗಿಲ್ಲವ್ವಾ,
ಅದರ ಹೊಟ್ಟಿಗೂ ಏನಾರ ಹಾಕಬೇಕು."
ಜೋಳ ತರುತ್ತಾಳೆ ಅಂದುಕೊಂಡೆ.
ತಂದದ್ದು ನನ್ನ ತವರಿನ ಡಬ್ಬಿ,
ಬೇಸಿಗೆಯಿಂದ ಮುಚ್ಚಳ ತೆಗೆಯದ ಸೋನಾ ಮಸೂರಿ.
ಒಂದು ಹಿಡಿ ಸೆರಗಿಗೆ ಸುರಿದು ಹುಳ ಆರಿಸಿ
ಮೂಲೆಗೆ ತುಂಬಿ ಏಳು ಹೊಲಿಗೆ ಬಿಗಿದಳು.
ಏನೂ ಹೇಳಲಿಲ್ಲ.
ನಾನು ದಾರವನ್ನು ಹಲ್ಲಿನಿಂದ ಕಡಿದೆ.

ಚಳಿ ಬಿದ್ದ ಮೇಲೆ ಗಂಡನದು ದಿನಾ ದೂರು:
ಕೌದಿ ಭಾರ, ಪಾದವೆಲ್ಲ ನೀಲಿ,
ಕಾಲ ತುದಿಯಲ್ಲಿ ಏನೋ ಕಿರಿಕಿರಿ.
ಅದೇನೆಂದು ಅವನಿಗೆ ಗೊತ್ತಿಲ್ಲ.
ಆ ಮೂಲೆಯನ್ನು ನನ್ನ ತಲೆಯ ಕಡೆಗೆ ತಿರುಗಿಸಿ ಹೊದೆಯುತ್ತೇನೆ.
ಮಗ್ಗುಲಾದಾಗ ಕಿವಿಯ ಬಳಿ ಅಕ್ಕಿ ಸರಿಯುತ್ತದೆ,
ದೂರದಲ್ಲಿ ಯಾರೋ ಮೊರದಲ್ಲಿ ಕೇರಿದಷ್ಟು ಸದ್ದು.

ನಾಳೆ ಹಿಟ್ಟಿಗೆ ಕುದಿನೀರು
ಒಂದೀಟು ಹೆಚ್ಚು ಹಾಕಬೇಕು.